ಹಗ್ಗ ಹಿಡಿದ ಕೈ

ಗೃಹಸ್ಥನಿಗೆ ಹೇಳಿರುವ ಮೂರು ಗುಣವ್ರತಗಳು ದಿಗ್ವ್ರತ, ದೇಶವ್ರತ ಹಾಗೂ ಅನರ್ಥದಂಡವ್ರತ. ಹೋಗುವ ದಿಕ್ಕಿಗೆ ಬಾಳಿಡೀ ಒಂದು ಮಿತಿ, ನಿಯತ ಕಾಲಕ್ಕೆ ಮತ್ತಷ್ಟು ಕಿರಿದಾದ ಮಿತಿ, ನಿಷ್ಪ್ರಯೋಜಕವಾದ ಪಾಪಕ್ರಿಯೆಗಳಿಂದ ನಿವೃತ್ತಿ. ಕಾಲು ಹೋದಲ್ಲೆಲ್ಲ ಕಷಾಯವೂ ಹೋಗುತ್ತದೆ ಎಂಬ ಅರಿವು ಈ ವ್ರತಗಳ ಹಿಂದಿದೆ. ಇವುಗಳನ್ನು ಬಾಲ್ಯದಿಂದ ಕೇಳುತ್ತ ಬೆಳೆದ ಶ್ರಾವಕರೊಬ್ಬರಿಗೆ ಅವುಗಳ ಅರ್ಥವು ಮನದಟ್ಟಾದದ್ದು, ಮಿತಿಯನ್ನು ಮರೆತು ತಿರುಗಿದ ಎರಡು ದಿನಗಳಲ್ಲಿ.

ಅವರು ಮೂಡುಬಿದಿರೆಯ ಸಮೀಪದ ಕೃಷಿಕರು, ಅರುವತ್ತು ದಾಟಿದವರು. ಒಂದು ಶುಕ್ರವಾರ ಮಂಗಳೂರಿಗೆ ವಕೀಲರನ್ನು ಕಾಣಲು ಹೋಗಿದ್ದರು. ತಮ್ಮನ ಮನೆಯ ದಾರಿ ಅಣ್ಣನ ಅಂಗಳದ ಬದಿಯಿಂದ ಸಾಗುತ್ತಿತ್ತು. ಪಾಲುಪಟ್ಟಿಯಲ್ಲಿ ಆ ದಾರಿಯ ಉಲ್ಲೇಖವಿರಲಿಲ್ಲ. ತೋಟದ ನೀರಿನ ಲೆಕ್ಕದಲ್ಲಿ ಹುಟ್ಟಿದ ಮುನಿಸು ಬೆಳೆದು, ದಾರಿಯನ್ನು ಮುಚ್ಚುವ ನೋಟೀಸಿನವರೆಗೆ ಬಂದಿತ್ತು. ಸಹಿಯೊಂದೇ ಬಾಕಿ. ಆದರೆ ವಕೀಲರು ತುರ್ತಾಗಿ ಊರು ಬಿಟ್ಟಿದ್ದರು. ಸೋಮವಾರ ಬರಬೇಕೆಂದು ಗುಮಾಸ್ತರು ತಿಳಿಸಿದರು. ಮನೆಗೆ ಮರಳಿದರೆ ಬೆಳಗಾಗೆದ್ದು ತಮ್ಮನ ಮುಖವನ್ನೇ ಕಾಣಬೇಕು. ಕೆಲಸವು ಸೋಮವಾರಕ್ಕೆ ಹೋಯಿತೆಂದೂ ತಾವು ಮಂಗಳೂರಿನಲ್ಲೇ ಇರುವುದಾಗಿಯೂ ಮಡದಿಗೆ ಫೋನಿನಲ್ಲಿ ಹೇಳಿ, ರೈಲು ನಿಲ್ದಾಣಕ್ಕೆ ನಡೆದರು. ದಕ್ಷಿಣಕ್ಕೆ ಹೊರಟಿದ್ದ ರಾತ್ರಿಯ ರೈಲನ್ನು ಹತ್ತಿದರು. ಅದು ಅವರನ್ನು ಸುಮಾರು 400 ಕಿಲೋಮೀಟರು ದೂರದ ಎರ್ನಾಕುಳಂನಲ್ಲಿ ಇಳಿಸಿತು.

ಬೆಳಿಗ್ಗೆ ದೋಣಿಯಲ್ಲಿ ಹಿನ್ನೀರು ದಾಟಿ ಫೋರ್ಟ್ ಕೊಚ್ಚಿ ಸೇರಿದರು. ಕರಿಮೆಣಸಿನ ಆಸೆಯಿಂದ ಬಂದ ಪೋರ್ಚುಗೀಸರು 1503ರಲ್ಲಿ ಇಲ್ಲಿ ಕೋಟೆ ಕಟ್ಟಿದರು. 1663ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡರು. 1795ರಲ್ಲಿ ಇಂಗ್ಲಿಷರು ಡಚ್ಚರಿಂದ ಕಿತ್ತುಕೊಂಡರು. 1947ರಲ್ಲಿ ಅವರೂ ಹೊರಟುಹೋದರು. ಉಳ್ಳಾಲದ ಚೌಟ ವಂಶದ ಜೈನ ರಾಣಿ ಅಬ್ಬಕ್ಕ ಎದುರಿಸಿದ್ದು ಇದೇ ಪೋರ್ಚುಗೀಸರನ್ನು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಕರೆದವರೂ ಇವರೇ. ಇದನ್ನೆಲ್ಲ ಮನಸ್ಸಿನಲ್ಲಿ ಮೆಲುಕು ಹಾಕುತ್ತ ಆ ಶ್ರಾವಕರು ಕಡಲ ದಂಡೆಗೆ ಬಂದರು.

ಅಲ್ಲಿ ಸಾಲಾಗಿ ನಿಂತಿದ್ದವು ಚೀನೀ ಬಲೆಗಳು. ಉದ್ದನೆಯ ಮರದ ತೊಲೆಗಳ ಒಂದು ತುದಿಗೆ ಹರಡಿದ ಬಲೆ, ಇನ್ನೊಂದು ತುದಿಗೆ ಹಗ್ಗದಲ್ಲಿ ತೂಗಬಿಟ್ಟ ಭಾರವಾದ ಕಲ್ಲುಗಳು. ತಕ್ಕಡಿಯಂತೆ ಬಲೆ ನೀರಿಗಿಳಿಯುತ್ತದೆ, ಸ್ವಲ್ಪ ಹೊತ್ತಿನ ಮೇಲೆ ನಾಲ್ಕೈದು ಜನ ಹಗ್ಗ ಎಳೆದಾಗ ಮೇಲೇಳುತ್ತದೆ. ಆ ಯುಕ್ತಿಯನ್ನು ಅವರು ಬೆರಗಿನಿಂದ ನೋಡುತ್ತಿದ್ದರು. ಕೆಲಸದವರಲ್ಲಿ ಒಬ್ಬನು ನಗುತ್ತ ಕೈಬೀಸಿ ಕರೆದನು. ಪ್ರವಾಸಿಗರನ್ನು ಹಾಗೆ ಕರೆಯುವುದು ಅಲ್ಲಿಯ ವಾಡಿಕೆ. ಇವರು ಯೋಚಿಸಲಿಲ್ಲ. ಎಲ್ಲರೊಡನೆ ಹಗ್ಗ ಹಿಡಿದು ಎಳೆದರು. ಬಲೆ ಮೇಲೆದ್ದಿತು. ಅದರ ತಳದಲ್ಲಿ ಹಿಡಿಯಷ್ಟು ಸಣ್ಣ ಮೀನುಗಳು ಬೆಳ್ಳಗೆ ಮಿಡುಕುತ್ತಿದ್ದವು.

ಅವರ ಕೈ ಸಡಿಲಿತು. ಮಾತಿಲ್ಲದೆ ಹಿಂದೆ ಸರಿದು, ನೀರಿನ ನಳ ಹುಡುಕಿ ಕೈ ತೊಳೆದರು. ಕೈಯಲ್ಲಿ ಕೊಳೆಯೇನೂ ಇರಲಿಲ್ಲ.

ಮೊದಲಿಗೆ ಮನಸ್ಸು ಸಮಾಧಾನಗಳನ್ನು ಒಡ್ಡಿತು. ತಾವು ಎಳೆಯದಿದ್ದರೂ ಬಲೆ ಏಳುತ್ತಿತ್ತು. ಐವರ ಬಲದಲ್ಲಿ ತಮ್ಮದು ಎಷ್ಟು ಪಾಲು? ಕೊಲ್ಲುವ ಸಂಕಲ್ಪವಂತೂ ಇರಲಿಲ್ಲ. ಆದರೆ ಬೆಸ್ತರಿಗೆ ಮನೆಯಿತ್ತು, ಮಕ್ಕಳಿದ್ದರು, ಅದು ಅವರ ಜೀವನೋಪಾಯ. ಇವರ ಕೈಗೆ ಯಾವ ಕಾರಣವಿತ್ತು? ಬರಿಯ ಕುತೂಹಲ. ಅನರ್ಥದಂಡವೆಂದರೆ ಇದೇ ಅಲ್ಲವೇ ಎನಿಸಿತು.

ದಂಡೆಯಿಂದ ಸ್ವಲ್ಪ ದೂರದಲ್ಲಿ ಸಂತ ಫ್ರಾನ್ಸಿಸರ ಇಗರ್ಜಿ. 1524ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ವಾಸ್ಕೋ ಡ ಗಾಮನನ್ನು ಹೂಳಿದ್ದು ಇಲ್ಲಿಯೇ. ಸುಮಾರು 14 ವರ್ಷಗಳ ಮೇಲೆ ಅವನ ಅವಶೇಷಗಳನ್ನು ಪೋರ್ಚುಗಲ್ಲಿಗೆ ಸಾಗಿಸಿದರು. ಕಡಲುಗಳಿಗೆ ಒಡೆಯನೆನಿಸಬಯಸಿದವನ ಹೆಸರಿನಲ್ಲಿ ಈಗ ಅಲ್ಲಿರುವುದು ಒಂದು ಬರಿದಾದ ಸಮಾಧಿ. ಶ್ರಾವಕರ ದೃಷ್ಟಿ ಮಾತ್ರ ಮೇಲೆ ತೂಗುತ್ತಿದ್ದ ಬಟ್ಟೆಯ ಬೀಸಣಿಗೆಗಳ ಮೇಲೆ ನಿಂತಿತು. ಅವುಗಳ ಹಗ್ಗಗಳು ಗೋಡೆಯ ಮೂಲಕ ಹೊರಕ್ಕೆ ಹೋಗಿದ್ದವು. ಹಿಂದೆ ಆಳುಗಳು ಹೊರಗೆ ಬಿಸಿಲಿನಲ್ಲಿ ನಿಂತು ಹಗ್ಗ ಎಳೆಯುತ್ತಿದ್ದರು. ಒಳಗೆ ಕುಳಿತವರಿಗೆ ತಂಗಾಳಿ ಸಿಗುತ್ತಿತ್ತು, ಎಳೆಯುವ ಕೈ ಕಾಣುತ್ತಿರಲಿಲ್ಲ.

ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು. ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು, ಮನ, ವಚನ, ಕಾಯಗಳೆಂಬ ಮೂರು, ಕೃತಾದಿ ಮೂರು, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು. ಇವುಗಳನ್ನು ಗುಣಿಸಿ ಆಸ್ರವಕ್ಕೆ 108 ದ್ವಾರಗಳನ್ನು ತತ್ತ್ವಾರ್ಥಸೂತ್ರವು ಎಣಿಸುತ್ತದೆ. ಜಪಮಾಲೆಯ ಮಣಿಗಳನ್ನು ದಿನವೂ ಎಣಿಸುತ್ತಿದ್ದ ಅವರು ಆ ಲೆಕ್ಕಕ್ಕೆ ತಮ್ಮ ಬದುಕನ್ನು ಎಂದೂ ಹಚ್ಚಿ ನೋಡಿರಲಿಲ್ಲ. ತಮ್ಮನೊಡನೆ ತಾವು ಜಗಳವಾಡಿಲ್ಲ, ಒಂದು ಕೆಟ್ಟ ಮಾತನ್ನೂ ಆಡಿಲ್ಲ, ಏನಿದ್ದರೂ ವಕೀಲರು ನೋಡಿಕೊಳ್ಳುತ್ತಾರೆ ಎಂದು ಬಂಧುಗಳೆದುರು ಹೇಳಿಕೊಂಡಿದ್ದರು. ಗೋಡೆಯಾಚೆಗಿನ ಕೈಯಿಂದ ಹಗ್ಗ ಎಳೆಸುತ್ತಿದ್ದವರು ತಾವೇ ಎಂಬುದು ಆ ಬೆಂಚಿನ ಮೇಲೆ ಕುಳಿತಾಗ ತಿಳಿಯಿತು.

ಮಧ್ಯಾಹ್ನದ ಹೊತ್ತಿಗೆ ಮಟ್ಟಾಂಚೇರಿಯ ಗುಜರಾತಿ ಬೀದಿಗೆ ನಡೆದುಹೋದರು. ಅಲ್ಲಿ 1904ರಲ್ಲಿ ಕಟ್ಟಿದ, ಹದಿನೈದನೆಯ ತೀರ್ಥಂಕರ ಧರ್ಮನಾಥಸ್ವಾಮಿಯ ಶ್ವೇತಾಂಬರ ಜಿನಾಲಯವಿದೆ. ಆಮ್ನಾಯ ಬೇರೆಯಾದರೂ ಹೇಳಿಕೊಳ್ಳುವ ಣಮೋಕಾರ ಒಂದೇ. ದರ್ಶನ ಮುಗಿಸಿ ಹೊರಬಂದಾಗ ಅಂಗಳದಲ್ಲಿ ನಿತ್ಯದಂತೆ ಪಾರಿವಾಳಗಳಿಗೆ ಕಾಳು ಹಾಕುವ ಸಮಯ. ನೂರಾರು ರೆಕ್ಕೆಗಳು ಒಮ್ಮೆಲೆ ಇಳಿದವು. ಯಾರೋ ಇವರ ಬೊಗಸೆಗೂ ಕಾಳು ಸುರಿದರು. ಬೆಳಿಗ್ಗೆ ಹಗ್ಗ ಹಿಡಿದ ಕೈ ಅದು. ಕಾಳು ಎರಚಿದರು, ಎರಚುತ್ತಿದ್ದಾಗಲೇ, ಇದರಿಂದ ಬೆಳಗಿನ ಲೆಕ್ಕವು ತೀರುವುದಿಲ್ಲವೆಂದೂ ಅವರಿಗೆ ಗೊತ್ತಿತ್ತು. ಸೋಮವಾರದ ಲೆಕ್ಕವು ಮಾತ್ರ ಇನ್ನೂ ಕೈಯಲ್ಲಿತ್ತು.

ಸೂರ್ಯಾಸ್ತಕ್ಕೆ ಮುನ್ನ ಅಲ್ಲಿಯೇ ಊಟ ಮುಗಿಸಿದರು. ಭಾನುವಾರದ ರೈಲು ಹತ್ತುವ ಮೊದಲು ಮಡದಿಗೆ ಫೋನು ಮಾಡಿ, ತಾವು ಇರುವ ಊರು ಯಾವುದೆಂದು ನಿಜವನ್ನೇ ಹೇಳಿದರು. ಆಕೆ ಕ್ಷಣಕಾಲ ಸುಮ್ಮನಿದ್ದು, “ಊಟಕ್ಕೆ ಏನು ಮಾಡಿದಿರಿ?” ಎಂದಷ್ಟೇ ಕೇಳಿದರು.

ಸೋಮವಾರ ಅವರು ವಕೀಲರ ಕಚೇರಿಗೆ ಹೋದದ್ದು ನಿಜ. ಕಾಗದವನ್ನು ಹಿಂದಕ್ಕೆ ಪಡೆದು, ತಯಾರಿಯ ಶುಲ್ಕ ಕೊಟ್ಟು, ಊರ ಬಸ್ಸು ಹಿಡಿದರು. ಅಂದು ಸಂಜೆ ಮೊದಲ ಬಾರಿಗೆ ಆ ದಾರಿಯಲ್ಲಿ ತಾವೇ ನಡೆದು ತಮ್ಮನ ಮನೆಯ ಜಗಲಿ ಹತ್ತಿದರು. ನೀರಿನ ಲೆಕ್ಕ ಅಂದೇ ಬಗೆಹರಿಯಲಿಲ್ಲ. ತಮ್ಮನ ಮಾತಿನಲ್ಲಿ ಕಹಿಯೂ ಇತ್ತು. ಅಣ್ಣ ಅದನ್ನು ಕುಳಿತು ಕೇಳಿದರು. ಹೊರಡುವಾಗ ತಮ್ಮನ ಹೆಂಡತಿ ಬೆಲ್ಲ, ನೀರು ತಂದಿಟ್ಟರು.

ಕ್ಷಮಾವಣಿಯ ದಿನ ನೂರು ಜನರೆದುರು ಕೈಮುಗಿಯುವುದು ನಮಗೆ ಕಷ್ಟವಲ್ಲ. ಆದರೆ ನಮ್ಮ ಹೆಸರಿನಲ್ಲಿ, ನಮ್ಮ ಹಣದಿಂದ, ಮನೆಗಳಲ್ಲಿಯೂ ಬಸದಿಯ ಆಡಳಿತಗಳಲ್ಲಿಯೂ, ಗೋಡೆಯಾಚೆಗೆ ಯಾರು ಯಾವ ಹಗ್ಗವನ್ನು ಎಳೆಯುತ್ತಿದ್ದಾರೆ ಎಂದು ಎದ್ದು ಹೋಗಿ ನೋಡಿ ಬರುವುದು ಕಷ್ಟ. ಅದಕ್ಕೆ ಕೊಚ್ಚಿಯವರೆಗೆ ಹೋಗಬೇಕಾಗಿಲ್ಲ.