ಮೇಲಿನ ಗಾಳಿ, ಕೆಳಗಿನ ಗಾಳಿ

ನಮ್ಮ ಹತ್ತಿಕುಣಿಯಲ್ಲಿ ಹೊಟ್ಟೆನೋವು ಅಂದರೆ ಮೊದಲು ಅಜವಾನ, ಆಮೇಲೆ ದೃಷ್ಟಿ ತೆಗೆಯುವುದು, ಅದಕ್ಕೂ ಬಗ್ಗದಿದ್ದರೆ ಯಾದಗಿರಿ. ಅಣ್ಣನ ಮಗನ ಹೊಟ್ಟೆ ಈ ಮೂರನ್ನೂ ದಾಟಿ ಕಲಬುರಗಿ ಮುಟ್ಟಿತು. ಅಪೆಂಡಿಕ್ಸ್ ಒಡೆದಿತ್ತು. ಆ ರಾತ್ರಿಯೇ ಆಪರೇಷನ್.

ಅವ್ವನಿಗೆ ಕೊಯ್ಯುವುದರ ಹೆದರಿಕೆ ಇರಲಿಲ್ಲ. ಅವಳ ದಿಗಿಲೆಲ್ಲ ಮತ್ತಿನ ಇಂಜೆಕ್ಷನ್ ಮೇಲೆ. "ಮಲಗಸ್ತಾರ ಖರೆ, ಎಬ್ಬಸ್ತಾರೇನು?" ಅಂತ ಅಣ್ಣನನ್ನು ಕೇಳಿದಳು. ಅವನು ಉತ್ತರ ಕೊಡದೆ ಚಹಾ ತರಲು ಹೋದ.

ದಡ್ಡ ಪ್ರಶ್ನೆಯೇನಲ್ಲ ಅದು. 1847ರ ನವೆಂಬರಿನಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ ಮತ್ತು ಬರಿಸಲು ಕ್ಲೋರೋಫಾರ್ಮ್ ಬಳಕೆಗೆ ತಂದ. ಮರುವರ್ಷದ ಜನವರಿಯಲ್ಲೇ ಇಂಗ್ಲೆಂಡಿನ ಹದಿನೈದು ವರ್ಷದ ಹ್ಯಾನಾ ಗ್ರೀನರ್, ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋದವಳು, ಏಳಲೇ ಇಲ್ಲ. ಮೊದಲು ನಿಲ್ಲುವುದು ಉಸಿರೋ, ಗುಂಡಿಗೆಯೋ? ಡಾಕ್ಟರುಗಳು ದಶಕಗಟ್ಟಲೆ ಜಗಳಾಡಿದರು. ಇದನ್ನು ನಮ್ಮ ಸೀಮೆಯ ದೊರೆಯೂ ಕೈಯಿಂದ ದುಡ್ಡು ಹಾಕಿ ಕೇಳಿಸಿದ. 1948ರವರೆಗೆ ಯಾದಗಿರಿಯೆಲ್ಲ ಹೈದರಾಬಾದ್ ನಿಜಾಮರದ್ದೇ ತಾನೆ? ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರ್ಮ್ ಕಮಿಷನ್ ನಡೆಸಿದ. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ದೊಡ್ಡ ವೈದ್ಯನನ್ನೇ ಕರೆಸಲಾಯಿತು. ಪಾಪ, ನೂರಾರು ನಾಯಿ, ಮಂಗಗಳಿಗೆ ಮತ್ತು ಕೊಟ್ಟು ನೋಡಿದರು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಮೊದಲಿನಿಂದಲೂ ಹೇಳುತ್ತಿದ್ದದ್ದೇ ಗೆದ್ದಿತು: ನಾಡಿ ಬಿಡಿ, ಉಸಿರಿನ ಮೇಲೆ ಕಣ್ಣಿಡಿ.

ಲಾರಿಯ ಲೆಕ್ಕ ಅರ್ಧ ತಪ್ಪು. ಕ್ಲೋರೋಫಾರ್ಮ್ ನೇರವಾಗಿ ಗುಂಡಿಗೆಯನ್ನೇ ನಿಲ್ಲಿಸಬಲ್ಲದು ಎಂದು 1911ರಲ್ಲಿ ಲೆವಿ ಎಂಬಾತ ತೋರಿಸಿಕೊಟ್ಟ. ಆದರೂ ಹಾಸಿಗೆಯ ಬಳಿ ಕೂತವರಿಗೆ ಉಸಿರು ನೋಡುತ್ತಿರುವುದಕ್ಕಿಂತ ಒಳ್ಳೆಯ ಕೆಲಸವನ್ನು ಯಾರೂ ಹೇಳಿಕೊಟ್ಟಿಲ್ಲ ಅಂತ ನನಗನ್ನಿಸುತ್ತದೆ. ಹುಡುಗನನ್ನು ಹೊರಗೆ ತಂದ ಮೇಲೆ ಅವ್ವ ಮಾಡಿದ್ದೂ ಅದನ್ನೇ. ಬೆರಳಿಗೆ ಕ್ಲಿಪ್ ಹಾಕಿದ್ದರು, ಮಷೀನಿನಲ್ಲಿ ಅಂಕಿ ಓಡುತ್ತಿದ್ದವು. ಅವ್ವ ಅದರತ್ತ ತಿರುಗಿಯೂ ನೋಡಲಿಲ್ಲ. ಘಳಿಗೆಗೊಮ್ಮೆ ಮೊಮ್ಮಗನ ಮೂಗಿನ ಮುಂದೆ ಬೆರಳು ಹಿಡಿದು, "ಆಡ್ಲಿಕತ್ತಾದ" ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸೆರಗಿನ ಗಂಟಿನಲ್ಲಿ ಮೈಲಾಪುರದ ಮಲ್ಲಯ್ಯ ದೇವರ ಬಂಡಾರ ಇತ್ತು. ನಡುರಾತ್ರಿ ಮಲ್ಲಯ್ಯನ ಜೊತೆ ಮಾತುಕತೆಗಿಳಿದಳು: "ಕುರಿಮರಿ ಹಾರಸೋದು ಸರಕಾರದವರು ಬಂದ್ ಮಾಡ್ಯಾರ, ನನ್ ತಪ್ಪಿಲ್ಲಪ್ಪ. ಸಂಕ್ರಾಂತಿಗೆ ಚೀಲ ತುಂಬ ಬಂಡಾರ ಹಾರಸ್ತೀನಿ."

ಬೆಳಗಾಗುವಷ್ಟರಲ್ಲಿ ಹುಡುಗ ಕಣ್ಣು ಬಿಟ್ಟು ನೀರು ಕೇಳಿದ. ಕೊಡುವಂತಿರಲಿಲ್ಲ. ಆಪರೇಷನ್ ಆದ ಕರುಳು ಸುಸ್ತಾಗಿ ಅಲುಗಾಡದೆ ಬಿದ್ದಿರುತ್ತದಂತೆ. ಮನುಷ್ಯ ಎದ್ದರೂ ಅದು ಬೇಗ ಏಳುವುದಿಲ್ಲ. "ಗಾಳಿ ಸರಿದ ಮೇಲೆ ಹೇಳ್ರಿ" ಅಂದರು ಡಾಕ್ಟರು.

ಆಗಿನಿಂದ ಇಡೀ ಮನೆತನದ ಭಕ್ತಿ ಮೂಗಿನಿಂದ ಕೆಳಗಿಳಿಯಿತು. ಊರಿಂದ ಬಂದ ಪ್ರತಿ ಫೋನಿನಲ್ಲೂ ಒಂದೇ ಮಾತು: "ಹೋಗ್ಯಾದೇನು?" ವೈನಿ ಹಣೆಗೆ ಮತ್ತೆ ಬಂಡಾರ ಹಚ್ಚಿದಳು. ಪಕ್ಕದ ಮಂಚದ ಮುದುಕರು ಬಂದೇ ನವಾಜರ ದರ್ಗಾಕ್ಕೆ ತಾವೂ ಕೇಳಿಕೊಂಡಿದ್ದೇವೆ ಅಂದರು. ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಒಂದು ಹೂಸಿಗೆ ಕಾದದ್ದನ್ನು ನಾನಂತೂ ಕಂಡಿಲ್ಲ.

ಮೂರನೆಯ ದಿನ ಮಧ್ಯಾಹ್ನ ಸದ್ದಾಯಿತು. ಸಣ್ಣದೇ, ಆದರೆ ಎಲ್ಲರಿಗೂ ಕೇಳಿತು. ಅವ್ವ ಕೂತಲ್ಲೇ "ಏಳುಕೋಟಿಗೋ!" ಅಂತ ಕೂಗಿದಳು. ಅಣ್ಣ ನರ್ಸಮ್ಮನನ್ನು ಕರೆಯಲು ಓಡಿದ. ಅವರು ಬಂದು, "ಏನಪ್ಪಾ, ಗಾಳಿ ಹೋತಾ?" ಅಂತ ಕೇಳಿದರೆ, ಹುಡುಗ ನಮ್ಮೆಲ್ಲರ ಮುಖ ಒಮ್ಮೆ ನೋಡಿ ಹೊದಿಕೆ ಮೇಲೆಳೆದುಕೊಂಡ.

"ನಾ ಅಲ್ರಿ," ಅಂದ. "ಕಾಕಾ."