ಖೇಣಿ ದುಡ್ಡಿಗೊಂದು ಪುಸ್ತಕ

ಹಣಕಾಸಿನ ಪುಸ್ತಕಗಳು ಬಹುತೇಕ ತಿಂಗಳ ಸಂಬಳದವರಿಗೇ ಬರೆದವು. ನಮ್ಮ ಚನ್ನಗಿರಿ, ನ್ಯಾಮತಿ ಕಡೆಯ ಅಡಿಕೆ ಖೇಣಿ (ಫಸಲು ಗುತ್ತಿಗೆ) ದುಡ್ಡು, ಹೊನ್ನಾಳಿಯ ಭತ್ತದ ದುಡ್ಡು ಬರುವುದು ವರ್ಷಕ್ಕೆ ಒಂದೋ ಎರಡೋ ಸಲ. ಜಗಳೂರಿನ ಮೆಕ್ಕೆಜೋಳಕ್ಕೆ ಮಳೆ ಕೈಕೊಟ್ಟರೆ ಅದೂ ಇಲ್ಲ.

ಆದರೂ ಒಂದು ಪುಸ್ತಕ ನಮಗೆ ಸರಿಹೊಂದುತ್ತದೆ. ಜಾರ್ಜ್ ಕ್ಲಾಸನ್‌ನ ‘ದಿ ರಿಚೆಸ್ಟ್ ಮ್ಯಾನ್ ಇನ್ ಬ್ಯಾಬಿಲಾನ್’, 1926ರದ್ದು. ಗಳಿಸಿದ ಹತ್ತರಲ್ಲಿ ಒಂದು ಪಾಲು ಮೊದಲು ಎತ್ತಿಡು ಅನ್ನುತ್ತದೆ. ಅಂದರೆ ಖೇಣಿದಾರ ಮುಂಗಡ ಕೊಟ್ಟ ದಿನವೇ. ಬೋರ್‌ವೆಲ್ಲು, ಮದುವೆ, ಹೊಸ ಕಾರು ಆಮೇಲೆ. (ಕಾರು ಇನ್ನೂ ಆಮೇಲೆ!) ಮಾರ್ಗನ್ ಹೌಸೆಲ್‌ನ ‘ದಿ ಸೈಕಾಲಜಿ ಆಫ್ ಮನಿ’ಯೂ ಒಳ್ಳೆಯದು. ಕನ್ನಡದಲ್ಲೇ ಬೇಕೆಂದರೆ ರಂಗಸ್ವಾಮಿ ಮೂಕನಹಳ್ಳಿಯವರ ಬರಹಗಳಿವೆ.

ಆ ಎರಡು ಅಮೆರಿಕದ ಪುಸ್ತಕಗಳಲ್ಲಿ ಸಿಗದ ಮಾತೊಂದಿದೆ. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ, 2020ರಿಂದ. ಸಹಕಾರಿ ಬ್ಯಾಂಕಿಗೂ ಉಂಟು. ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಹೆಚ್ಚು ಬಡ್ಡಿ ಎಂದು ಊರ ಸೊಸೈಟಿಯಲ್ಲಿ ಇಡಿಗಂಟು ಇಡುವ ಮುನ್ನ ಅದು ಬ್ಯಾಂಕೋ, ಸಂಘವೋ ಕೇಳಿಕೊಳ್ಳಿ.