ವೇಗವೂ ಕಾಲವೂ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಕಾಲಿಡುವವನನ್ನು ಮೊದಲು ಎದುರುಗೊಳ್ಳುವುದು ವಿದ್ಯುತ್ ಮಗ್ಗಗಳ ಸದ್ದು. ಮನೆಗೆ ತಾಗಿಕೊಂಡಿರುವ ಮಗ್ಗದ ಕೊಠಡಿಯೊಳಗೆ ಇಣುಕಿದರೆ, ಹಾಸಿನ ಎಳೆಗಳು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಸರಿಯುತ್ತಿರುತ್ತವೆ. ಅವುಗಳ ನಡುವಿನ ಕಿರಿದಾದ ಹಾದಿಯಲ್ಲಿ ಹೊಕ್ಕಿನ ನೂಲನ್ನು ಹೊತ್ತ ಲಾಳಿ ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಹಾಯುತ್ತಿರುತ್ತದೆ. ಹೊಸಬನ ಕಣ್ಣಿಗೆ ಲಾಳಿ ಕಾಣುವುದೇ ಇಲ್ಲ. ಕಾಣುವುದು ಒಂದು ಮಸುಕು ಗೆರೆ ಮಾತ್ರ. ಆದರೆ ಎಳೆಯೊಂದು ಕಡಿದೊಡನೆ ನೇಕಾರನ ಕೈ ಮಗ್ಗವನ್ನು ನಿಲ್ಲಿಸುವ ಹಿಡಿಯತ್ತ ಸಾಗಿರುತ್ತದೆ. ಹೊಸಬನಿಗೆ ದೊರೆಯದ ಯಾವುದೋ ಬಿಡುವು ನೇಕಾರನಿಗೆ ದೊರೆತಂತೆ ತೋರುತ್ತದೆ. ಒಂದೇ ಕ್ಷಣವು ಒಬ್ಬನಿಗೆ ಕಿರಿದಾಗಿಯೂ ಮತ್ತೊಬ್ಬನಿಗೆ ಹಿರಿದಾಗಿಯೂ ಇರಲು ಸಾಧ್ಯವೇ?

ಮಕ್ಕಳ ಚಿತ್ರಕಥೆಗಳನ್ನು ಬರೆದವರು ಸಾಧ್ಯವೆಂದೇ ಭಾವಿಸಿದರು. 1940ರ ಸುಮಾರಿಗೆ ಅಮೆರಿಕದ ಚಿತ್ರಕಥೆಗಳಲ್ಲಿ 'ಫ್ಲ್ಯಾಶ್' ಎಂಬ ನಾಯಕನು ಕಾಣಿಸಿಕೊಂಡನು. ಅವನು ಮಿಂಚಿನ ವೇಗದಲ್ಲಿ ಓಡಬಲ್ಲವನು. ಅಂಥ ವೀರರು ಓಡುವಾಗ ಅವರ ಪಾಲಿಗೆ ಲೋಕವೇ ನಿಂತುಬಿಡುತ್ತದೆ. ಹಾರಿಬರುವ ಗುಂಡನ್ನು ಹೂವು ಕೊಯ್ದಂತೆ ಬೆರಳಿನಿಂದ ಎತ್ತಿಕೊಳ್ಳಬಹುದು. ಇಂಥ ಶಕ್ತಿ ತನಗೂ ಇದ್ದಿದ್ದರೆ ಎಂದು ಆಸೆಪಡದ ಬಾಲಕನಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯಂತೂ ಆ ಆಸೆ ಇನ್ನಷ್ಟು ಬಲವಾಗುತ್ತದೆ!

ಆದರೆ ಆಸೆಪಡುವ ಮುನ್ನ ಸ್ವಲ್ಪ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಒಬ್ಬ ಹುಡುಗನ ದೇಹ ಮತ್ತು ಮನಸ್ಸು ಉಳಿದವರಿಗಿಂತ ಸಾವಿರ ಪಟ್ಟು ಚುರುಕಾದವು ಎಂದುಕೊಳ್ಳೋಣ. ಆಗ ಗಡಿಯಾರದ ಒಂದು ಸೆಕೆಂಡು ಅವನಿಗೆ ಹದಿನಾರು ನಿಮಿಷಕ್ಕೂ ಮಿಗಿಲಾಗುತ್ತದೆ. ಮಗ್ಗದ ಕೊಠಡಿಯಲ್ಲಿ ಅವನು ಲಾಳಿಯನ್ನು ಸ್ಪಷ್ಟವಾಗಿ ಕಾಣಬಲ್ಲನು. ಅದು ಎಳೆಗಳ ನಡುವೆ ಬಸವನಹುಳುವಿನಂತೆ ತೆವಳುತ್ತಿರುತ್ತದೆ. ನಲ್ಲಿಯಿಂದ ಕಳಚಿದ ಹನಿಯೊಂದು ಗಾಳಿಯಲ್ಲಿ ಮಣಿಯಂತೆ ತೂಗಿರುತ್ತದೆ. ಇಷ್ಟರವರೆಗೆ ಎಲ್ಲವೂ ಸೊಗಸು. ಇನ್ನು ಅವನು ಬಸ್ಸಿನಲ್ಲಿ ಬೆಂಗಳೂರಿಗೆ ಹೊರಡಲಿ. ಉಳಿದವರಿಗೆ ಒಂದು ಗಂಟೆಯಾಗುವ ಪ್ರಯಾಣ ಅವನಿಗೆ ನಲವತ್ತೊಂದು ದಿನಗಳಿಗೂ ಹೆಚ್ಚು. ಊರು ಮಲಗಿರುವ ಎಂಟು ಗಂಟೆಗಳ ಒಂದು ರಾತ್ರಿ ಅವನಿಗೆ ಹನ್ನೊಂದು ತಿಂಗಳ ಕತ್ತಲೆ.

ಅದಕ್ಕಿಂತ ದೊಡ್ಡ ಕಷ್ಟ ಬೇರೊಂದಿದೆ. "ಊಟಕ್ಕೆ ಬಾ, ಮಗು" ಎಂದು ತಾಯಿ ಕರೆಯುತ್ತಾಳೆ. ಮನುಷ್ಯನ ಮಾತು ಸೆಕೆಂಡಿಗೆ ನೂರಾರು ಕಂಪನಗಳಿಂದ ಆದದ್ದು. ಇಪ್ಪತ್ತಕ್ಕಿಂತ ಕಡಿಮೆ ಕಂಪನಗಳು ಕಿವಿಗೆ ಕೇಳಿಸುವುದಿಲ್ಲ. ಸಾವಿರ ಪಟ್ಟು ಎಳೆದು ಉದ್ದವಾದ ತಾಯಿಯ ಕರೆ ಆ ಹುಡುಗನ ಪಾಲಿಗೆ ಶಬ್ದವಾಗಿಯೇ ಉಳಿಯುವುದಿಲ್ಲ. ತೆರೆದ ತುಟಿಗಳನ್ನು ಅವನು ಕಾಣುತ್ತಾನೆ, ಕರೆಯನ್ನು ಕೇಳಲಾರ. ಇಷ್ಟಾದರೂ ಅವನು ತಾಳಿಕೊಂಡಾನು. ಆದರೆ ದೇಹವೂ ಅದೇ ಗತಿಯಲ್ಲಿ ಮಾಗುತ್ತದೆಯಲ್ಲವೇ? ತಾಯಿಗೆ ಒಂದು ತಿಂಗಳು ಕಳೆಯುವಷ್ಟರಲ್ಲಿ ಅವನಿಗೆ ಎಂಬತ್ತು ದಾಟಿರುತ್ತದೆ. ಹುಣ್ಣಿಮೆಯ ದಿನ ಹುಡುಗನಾಗಿದ್ದವನು ಮುಂದಿನ ಹುಣ್ಣಿಮೆಗೆ ಹಣ್ಣುಹಣ್ಣು ಮುದುಕ!

ಇದು ಕೇವಲ ಕಲ್ಪನೆಯಲ್ಲ. ಪ್ರಕೃತಿಯಲ್ಲಿಯೂ ಇದರ ಸಣ್ಣ ಮಾದರಿಗಳಿವೆ. ಚಲನಚಿತ್ರದ ಪರದೆಯ ಮೇಲೆ ಸೆಕೆಂಡಿಗೆ 24 ಸ್ಥಿರಚಿತ್ರಗಳು ಹಾದುಹೋದರೆ ಮನುಷ್ಯನ ಕಣ್ಣಿಗೆ ಅದು ಅಖಂಡವಾದ ಚಲನೆ. ನೊಣದ ಕಣ್ಣಾದರೋ ಸೆಕೆಂಡಿಗೆ ಇನ್ನೂರಕ್ಕೂ ಹೆಚ್ಚು ಬಾರಿ ಮಿನುಗುವ ಬೆಳಕನ್ನೂ ಬಿಡಿಬಿಡಿಯಾಗಿ ಗುರುತಿಸಬಲ್ಲದು. ಹೊಡೆಯಲೆತ್ತಿದ ಕೈ ಅದಕ್ಕೆ ನಿಧಾನವಾಗಿ ಕಂಡೀತು. ಅದಕ್ಕೇ ಅದು ಸುಲಭವಾಗಿ ತಪ್ಪಿಸಿಕೊಳ್ಳುತ್ತದೆ. ಆದರೆ ಆ ನೊಣದ ಆಯುಷ್ಯ ಕೆಲವೇ ವಾರಗಳು.

ಮನಸ್ಸಿನ ಮಾತು ಹೀಗಾಯಿತು. ದೇಹವೇ ನಿಜವಾಗಿ ಮಹಾವೇಗದಿಂದ ಓಡಿದರೆ ಏನಾಗುತ್ತದೆ? ಈ ಪ್ರಶ್ನೆಗೆ 1905ರಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಕೊಟ್ಟ ಉತ್ತರ ವಿಸ್ಮಯಕರವಾದದ್ದು. ಓಡುವವನ ಗಡಿಯಾರವು ನಿಂತವನ ಗಡಿಯಾರಕ್ಕಿಂತ ನಿಧಾನವಾಗಿ ನಡೆಯುತ್ತದೆ. ದೇವನಹಳ್ಳಿಯ ಬಳಿಯ ವಿಮಾನ ನಿಲ್ದಾಣದಿಂದ ದಿನವೂ ಏರುವ ವಿಮಾನಗಳ ವೇಗದಲ್ಲಿ ಈ ಅಂತರ ಗಮನಕ್ಕೆ ಬಾರದಷ್ಟು ಅಲ್ಪ. ಬೆಳಕಿನ ವೇಗವನ್ನು ಸಮೀಪಿಸಿದಾಗ ಮಾತ್ರ ಅದು ಬೃಹತ್ತಾಗುತ್ತದೆ.

ಇದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಹೊಸಕೋಟೆಯನ್ನು ದಾಟಿ ಪೂರ್ವಕ್ಕೆ ಸಾಗಿದರೆ ಕೋಲಾರ ಸಿಗುತ್ತದೆ. ಅದರಾಚೆ ಚಿನ್ನದ ಗಣಿಗಳ ನಾಡು. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಚಿನ್ನವನ್ನಷ್ಟೇ ಅರಸಲಿಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1950ರ ದಶಕದಿಂದ ಅಲ್ಲಿನ ಆಳದಲ್ಲಿ ಉಪಕರಣಗಳನ್ನಿಟ್ಟು ಆಕಾಶದಿಂದ ಬರುವ ಮ್ಯುಆನ್ ಎಂಬ ಕಣಗಳನ್ನು ಎಣಿಸಿದರು. ಈ ಕಣದ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದ ಎರಡು ಭಾಗಕ್ಕಿಂತ ತುಸುವೇ ಹೆಚ್ಚು. ಅಷ್ಟರಲ್ಲಿ ಬೆಳಕು ಕೂಡ ಸುಮಾರು 660 ಮೀಟರು ಮಾತ್ರ ಸಾಗೀತು. ಮ್ಯುಆನ್‌ಗಳು ಹುಟ್ಟುವುದಾದರೋ ನೆಲದಿಂದ ಹತ್ತಾರು ಕಿಲೋಮೀಟರು ಮೇಲೆ. ಹಾಗಾದರೆ ಅವು ದಾರಿಯಲ್ಲಿಯೇ ಅಳಿಯಬೇಕಾಗಿತ್ತು. ಆದರೆ ಅವು ನೆಲವನ್ನು ಮುಟ್ಟುತ್ತವೆ. ಹೆಚ್ಚು ಶಕ್ತಿಯುಳ್ಳವು ಬಂಡೆಯನ್ನೂ ಭೇದಿಸಿ ಗಣಿಯ ಆಳಕ್ಕಿಳಿಯುತ್ತವೆ. ಏಕೆಂದರೆ ಬೆಳಕಿನ ವೇಗಕ್ಕೆ ಸಮೀಪವಾಗಿ ಓಡುವ ಅವುಗಳ ಗಡಿಯಾರ, ಭೂಮಿಯ ಮೇಲಿರುವವರ ಲೆಕ್ಕದಲ್ಲಿ, ತೀರ ನಿಧಾನ.

ಹಾಗೆಂದು ಮ್ಯುಆನ್ ದೀರ್ಘಾಯುಷ್ಯದ ಸುಖವನ್ನು ಅನುಭವಿಸಿತೆನ್ನುವಂತಿಲ್ಲ. ಅದರ ಸ್ವಂತ ಗಡಿಯಾರದಲ್ಲಿ ಬಾಳು ಹಿಂದಿನಷ್ಟೇ ಕಿರಿದು. ಎಂದಿನಂತೆಯೇ ಅದು ಬದುಕಿತು. ಬದಲಾದದ್ದು ಅದಕ್ಕೂ ಉಳಿದವರಿಗೂ ನಡುವಿನ ಲೆಕ್ಕ.

ಈ ಲೆಕ್ಕ ತಪ್ಪಿದರೆ ಮನುಷ್ಯನಿಗೆ ಏನಾದೀತೆಂಬುದನ್ನು ನಮ್ಮ ಪುರಾಣಕಾರರು ತಮ್ಮದೇ ರೀತಿಯಲ್ಲಿ ಊಹಿಸಿದ್ದರು. ಭಾಗವತದಲ್ಲಿ ಕಕುದ್ಮಿ ಎಂಬ ರಾಜನ ಕಥೆಯಿದೆ. ಮಗಳು ರೇವತಿಗೆ ತಕ್ಕ ವರನನ್ನು ಕೇಳಲು ಅವನು ಅವಳೊಡನೆ ಬ್ರಹ್ಮಲೋಕಕ್ಕೆ ಹೋದನು. ಅಲ್ಲಿ ಸಂಗೀತ ನಡೆಯುತ್ತಿತ್ತು. ಮುಗಿಯಲೆಂದು ಅವನು ಕ್ಷಣಕಾಲ ಕಾದನು. ಬಳಿಕ ಬ್ರಹ್ಮನು ನಕ್ಕು, ಅಷ್ಟರಲ್ಲಿ ಭೂಮಿಯ ಮೇಲೆ ಇಪ್ಪತ್ತೇಳು ಚತುರ್ಯುಗಗಳು ಕಳೆದವೆಂದನು. ರಾಜನು ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಿರಲಿ, ಅವರ ಮಕ್ಕಳು ಮೊಮ್ಮಕ್ಕಳೂ ಉಳಿದಿರಲಿಲ್ಲ. ಕೊನೆಗೆ ರೇವತಿಗೆ ಬಲರಾಮನು ವರನಾದನು. ಆದರೆ ಕಕುದ್ಮಿಯ ಜೊತೆಗಾರರು ಅವನಿಗೆ ಮತ್ತೆ ದೊರೆಯಲಿಲ್ಲ.

ಹೀಗೆ ಅತಿವೇಗಕ್ಕೆ ಎರಡು ದಾರಿಗಳು. ಮನಸ್ಸು ಅತಿ ಚುರುಕಾದರೆ ಎಲ್ಲರಿಗಾಗಿ ಕಾಯುತ್ತ ಕಾಯುತ್ತ ತಾನು ಮುಗಿಯಬೇಕು. ದೇಹ ಅತಿವೇಗದಿಂದ ಓಡಿದರೆ ಹಿಂದಿರುಗುವ ಹೊತ್ತಿಗೆ ಎಲ್ಲರೂ ಮುಗಿದಿರುತ್ತಾರೆ. ದಾರಿಗಳು ಬೇರೆಯಾದರೂ ತೆರಬೇಕಾದ ಬೆಲೆ ಒಂದೇ: ಜೊತೆಗಾರರ ಅಗಲಿಕೆ.

ಇಷ್ಟನ್ನು ತಿಳಿದ ಮೇಲೆ ಮಗ್ಗದ ಮುಂದಿನ ನೇಕಾರನನ್ನು ಮತ್ತೊಮ್ಮೆ ನೋಡಬೇಕು. ಅವನ ನರಗಳು ಹೊಸಬನ ನರಗಳಿಗಿಂತ ಬೇರೆಯಲ್ಲ. ಕಂಡದ್ದಕ್ಕೆ ಕೈ ಓಗೊಡಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಅವನಿಗೂ ಬೇಕು. ಲಾಳಿ ಅವನಿಗೂ ಮಸುಕು ಗೆರೆಯೇ. ಆದರೆ ವರ್ಷಗಟ್ಟಲೆ ಕೇಳಿದ ಸದ್ದು ಅವನ ಕಿವಿಯಲ್ಲಿ ನೆಲೆಸಿದೆ. ಲಯ ಕೊಂಚ ತಪ್ಪಿದರೂ ಅವನಿಗೆ ತಿಳಿಯುತ್ತದೆ. ಅವನು ಕ್ಷಣವನ್ನು ಹಿಗ್ಗಿಸಲಿಲ್ಲ, ಕ್ಷಣದೊಳಗೆ ಏನು ನಡೆಯುತ್ತದೆಂಬುದನ್ನು ಅರಿತನು. ಈ ಬಗೆಯ ವೇಗ ಅಭ್ಯಾಸದಿಂದ ಯಾರಿಗಾದರೂ ಬರುವಂಥದು.

ಕಡಿದ ಎಳೆಗೆ ಗಂಟುಹಾಕಿ ಅವನು ಮಗ್ಗವನ್ನು ಮತ್ತೆ ನಡೆಸುತ್ತಾನೆ. ಶಾಲೆಯಿಂದ ಬಂದ ಮಗಳು ಬಾಗಿಲಲ್ಲಿ ನಿಂತು "ಅಪ್ಪಾ" ಎನ್ನುತ್ತಾಳೆ. ಅಷ್ಟು ಸದ್ದಿನ ನಡುವೆಯೂ ಅವನಿಗೆ ಅದು ಕೇಳಿಸುತ್ತದೆ. ಅವನು ತಿರುಗಿ ನೋಡುತ್ತಾನೆ.